ಎತ್ತಿನ ಐದನೇ ಕಾಲು

ಲೋ ಸೋಮಣ್ಣ,

ನಾನು ರಾಗಿ ಕೊಯ್ಲಿಗೆ ಹೊರಟೆ. ಅವ್ವ ಬರೆದ ಎತ್ತಿನ ಚಿತ್ರಕ್ಕೆ ಗೆದ್ದಲು ಹತ್ತಿದೆ. ಇವತ್ತೇ ತಾಳವಾಡಿಗೆ ಒಯ್ದು ಪ್ರಿಂಟ್ ಹಾಕಿಸು. ಅವ್ವನ ಕೈ ನಡುಗುತ್ತದೆ, ಇನ್ನೊಂದು ಬರೆಯಲಾರಳು.

"ಫ್ಲೆಕ್ಸೇ ಗಟ್ಟಿ ಕಣಕ್ಕ, ಮಳೆಗೂ ಏನೂ ಆಗಕಿಲ್ಲ" ಅಂದೆಯಲ್ಲ, ನಿನ್ನ ಬುದ್ಧಿಗೆ ಬೆಂಕಿ ಬೀಳಲಿ. ಅಪ್ಪನ ತಿಥಿಗೆ ಹಾಕಿಸಿದ ಫ್ಲೆಕ್ಸ್ ಈಗ ಹುಲ್ಲಿನ ಮೆದೆಗೆ ಹೊದಿಕೆ. ಅಪ್ಪನ ಮೂಗಿನ ಮೇಲೆ ಕೋಳಿ ಕೂರುತ್ತದೆ.

ಪ್ರಿಂಟ್ ಅಂಗಡಿಯವನು ಮಾದರಿಗೆ ಚಿತ್ರ ಹಾಕಿ ಕೊಟ್ಟ ಮೂರು ತುಂಡುಗಳನ್ನು ವಾರವಿಡೀ ಒಲೆಯ ಮೇಲೆ ತೂಗುಹಾಕಿದ್ದೆ. ಫ್ಲೆಕ್ಸ್ ಸುರುಟಿಕೊಂಡಿತು. ಮಿರುಗುವ ಕಾಗದದಲ್ಲಿ ನಮ್ಮ ಕಿಟಕಿ ಕಂಡಿತೇ ಹೊರತು ಚಿತ್ರ ಕಾಣಲಿಲ್ಲ. ಕ್ಯಾನ್ವಾಸ್ ಬಟ್ಟೆ ಮಾತ್ರ ಅಷ್ಟು ಹೊಗೆ ಕುಡಿದೂ ಹಾಗೇ ಇದೆ. ಅದರಲ್ಲೇ ಹಾಕಿಸು.

ಎತ್ತಿಗೆ ಐದು ಕಾಲಿದೆ, ಒಂದನ್ನು ಅಳಿಸುತ್ತೇನೆ ಅಂತ ಅಂಗಡಿಯವನು ಕಂಪ್ಯೂಟರ್ ಮುಂದೆ ಕೂತರೆ ಅವನ ಕೈ ಹಿಡಿದುಕೋ. "ಅದು ನಿಮ್ಮಪ್ಪನ ಕಾಲು ಕಣಮ್ಮಿ, ಎತ್ತಿನ ಇಂದ್ಗಡೆ ನಿಂತವ್ರೆ" ಅಂತ ಅವ್ವ ನಿನ್ನೆ ಹೇಳಿದಳು. ಫ್ಲೆಕ್ಸಿನಲ್ಲಿ ಅಪ್ಪನಿಗೆ ಯಾರದೋ ಕೋಟು ತೊಡಿಸಿದ್ದಾರೆ. ಈ ಕಾಲಾದರೂ ಅಪ್ಪನದೇ.

ಅಕ್ಕ