ಎಡಗೈಯ ಕ್ಷೌರಿಕ

ಲಂಡನ್. ಸೋಮವಾರ, ಫೆಬ್ರವರಿ 3, 1806, ಬೆಳಿಗ್ಗೆ

ಅಪ್ಪನಿಗೆ ಕ್ಷೌರ ಮಾಡಿದೆ. ಅವನ ಕೈ ನಡುಗತೊಡಗಿ ಎರಡು ವರ್ಷ. ಕ್ಷೌರದ ಕತ್ತಿಯೂ ಹಿಡಿಯಲಾರ, ಚಿತ್ರ ಕೊರೆಯುವ ಸೂಜಿಯೂ ಹಿಡಿಯಲಾರ. ಅವನ ವ್ಯಂಗ್ಯಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆಯುವುದು ಮಗಳು ನಾನೇ. ಕೆಳಗೆ ಹೆಸರು ಮಾತ್ರ ಅವನದು, ಎಜ್ರಾ ವೆಲ್ಬಿ. ಚಿತ್ರದಂಗಡಿಯ ಮಿಸೆಸ್ ಪ್ರಿಚೆಟ್‌ಗೆ ಇದು ಗೊತ್ತಿಲ್ಲ. ಗೊತ್ತಾದರೆ ಕೆಲಸ ಹೋಯಿತು.

ನೊರೆ ಬಳಿಯುವಾಗ ಹೊಳೆಯಿತು. ದೊರೆಗಳನ್ನೆಲ್ಲ ಬಗ್ಗುಬಡಿದ ಬೊನಾಪಾರ್ಟೆ ಈಗ ಕ್ಷೌರಿಕ! ಸ್ಟೂಲು ಹತ್ತಿ ನಿಂತು ಆಸ್ಟ್ರಿಯಾ ದೊರೆಯ ಮೀಸೆ ತೆಗೆಯುತ್ತಿದ್ದಾನೆ. ರಷ್ಯಾದವನು ಅರ್ಧ ನೊರೆಯಲ್ಲೇ ಓಟ. ಪ್ರಷ್ಯಾದವನು ತಾನೇ ಟವೆಲ್ ಕಟ್ಟಿಕೊಂಡು ಸರದಿಗೆ ಕೂತಿದ್ದಾನೆ.

ಅಪ್ಪ ನಕ್ಕ ರಭಸಕ್ಕೆ ಗಲ್ಲ ಕೊಯ್ದುಬಿಡುತ್ತಿದ್ದೆ.

"ನನಗ್ಯಾಕೆ ಇದು ಹೊಳೀಲಿಲ್ಲ, ಡಾರ್ಕಸ್?"

"ನಿನ್ನ ಬಾಯಲ್ಲಿ ಸೋಪಿತ್ತಲ್ಲಪ್ಪ."

ಬುಧವಾರ, 5

ತಗಡಿನ ಮೇಲಿನ ಬಲ, ಕಾಗದಕ್ಕೆ ಬಂದಾಗ ಎಡ. ಅದಕ್ಕೇ ನಕ್ಷೆಯನ್ನು ಕನ್ನಡಿಗೆ ಹಿಡಿದು, ಅದರೊಳಗೆ ಕಂಡಂತೆ ಕೊರೆಯುವುದು. ಅಕ್ಷರವೂ ಉಲ್ಟಾ. ಅಪ್ಪನ ಹೆಸರನ್ನಂತೂ ಕಣ್ಣು ಮುಚ್ಚಿ ಉಲ್ಟಾ ಬರೆಯುತ್ತೇನೆ.

ಕ್ಷೌರಿಕನ ಕೈ ಮಾತ್ರ ಸರಿ ಬರಲಿಲ್ಲ. ನಕ್ಷೆ ಬದಿಗಿಟ್ಟೆ. ಒಮ್ಮೆ ಕತ್ತಿ ಹಿಡಿದು ನನ್ನ ಕೈ ನೋಡಿಕೊಳ್ಳುವುದು, ಒಮ್ಮೆ ಕೊರೆಯುವುದು... ಇಷ್ಟು ಜೀವವಿರುವ ಕೈ ಅಪ್ಪನೂ ಬರೆದಿಲ್ಲ. ಹೀಗೆ ಹೇಳಿಕೊಳ್ಳಬಾರದು. ಇಲ್ಲಿ ಓದುವವರು ಯಾರು?

ಶನಿವಾರ, 8

ಚಿತ್ರ ಅಚ್ಚಾಗಿ ಅಂಗಡಿ ಕಿಟಕಿಗೆ ಬಂದ ಮೇಲೆ ಕಂಡೆ. ಕತ್ತಿ ಎಡಗೈಯಲ್ಲಿ! ನನ್ನ ಬಲಗೈ ನೋಡಿ ಹಾಗೇ ಕೊರೆಯುವ ಉತ್ಸಾಹದಲ್ಲಿ ಕನ್ನಡಿ ಮರೆತಿದ್ದೆ.

ಮಿಸೆಸ್ ಪ್ರಿಚೆಟ್ ಒಳಗೆ ಕರೆದಳು. "ಇಷ್ಟು ವರ್ಷದಲ್ಲಿ ನಿಮ್ಮಪ್ಪ ಇಂಥ ತಪ್ಪು ಮಾಡಿಲ್ಲ. ಇದ್ಯಾರ ಕೈ?"

ಕೈಗಳನ್ನು ಶಾಲಿನೊಳಗೆ ಸರಿಸಿದೆ.

"ಸೋಮವಾರ ಅವನೇ ಬರ್ಲಿ. ನನ್ನೆದುರಿಗೆ ಒಂದು ಗೆರೆ ಎಳೆದು ತೋರಿಸ್ಲಿ."

ಸೋಮವಾರ, 10

ಅಪ್ಪ ಒಳ್ಳೆಯ ಕೋಟು ಹಾಕಿಕೊಂಡ. ಕಿಟಕಿಯೆದುರು ಜನವೋ ಜನ. ಮೀನಿನ ಬುಟ್ಟಿ ಹೊತ್ತವಳೊಬ್ಬಳು ಪಕ್ಕದವನಿಗೆ ಹೇಳುತ್ತಿದ್ದಳು: "ಎಡಗೈಲಿ ಕ್ಷೌರ ಮಾಡ್ತಾವ್ನೆ ನೋಡು. ಮೀಸೆ ಹೋದ್ರೆ ಹೋಗ್ಲಿ, ದೊರೆಗೆ ಕುತ್ತಿಗೆ ಉಳಿದ್ರೆ ಸಾಕು." ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಸ್ವಲ್ಪ ಹೊತ್ತು ಅಲ್ಲೇ ನಿಂತ.

ಒಳಗೆ ಪ್ರಿಚೆಟ್ ಸೂಜಿ ಮುಂದಿಟ್ಟಳು. ಅಪ್ಪ ಅದನ್ನೆತ್ತಿ, ನಡುಗುವ ಕೈಯನ್ನು ಅವಳ ಮುಖದೆದುರು ಹಿಡಿದ.

"ಎರಡು ವರ್ಷದಿಂದ ಹೀಗೇ, ಅಮ್ಮಾವ್ರೇ. ನೀವು ಮಾರಿದ್ದೆಲ್ಲ ಇವಳು ಕೊರೆದದ್ದು. ಈ ಕ್ಷೌರಿಕನ ಯೋಚನೇನೂ ಇವಳದ್ದೇ. ತಪ್ಪೂ ಇವಳದ್ದೇ. ಆ ತಪ್ಪು ನಾನು ಮಾಡಬಾರದಿತ್ತಾ ಅಂತ ಹೊಟ್ಟೆಕಿಚ್ಚಾಗ್ತಿದೆ."

"ಎರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಿ." ಪ್ರಿಚೆಟ್ ಹೊರಗಿನ ಜನರನ್ನು ನೋಡಿದಳು. ಆಮೇಲೆ ತಗಡನ್ನು ನನ್ನತ್ತ ತಳ್ಳಿದಳು. "ಇನ್ನೂ ಇನ್ನೂರು ಪ್ರತಿ ಬೇಕು. ಕತ್ತಿ ತಿದ್ದಬೇಡ, ಎಡಗೈಲೇ ಇರ್ಲಿ."

"ಹೆಸರು?" ಅಂದ ಅಪ್ಪ.

"ಕೊರೆದವಳದ್ದೇ ಹಾಕಿ."

ಅದೇ ದಿನ, ಮಧ್ಯಾಹ್ನ

ಅಪ್ಪನ ಹೆಸರನ್ನು ಕೆರೆದು ಉಜ್ಜಿದೆ. ಅವನೇ ಪಕ್ಕದಲ್ಲಿ ನಿಂತು ಉಜ್ಜಿಸಿದ. ನನ್ನ ಕಣ್ಣು ತುಂಬಿತು. ಹೆಮ್ಮೆಯಂತೂ ಬೀದಿಯ ಕೊನೆಯವರೆಗೂ ಕೂಗಿ ಹೇಳುವಷ್ಟು.

ಅವನ ಹೆಸರು ಉಲ್ಟಾ ಬರೆದು ಪಳಗಿದ ಕೈ. ನನ್ನದನ್ನು ಒಮ್ಮೆಯೂ ಬರೆದಿಲ್ಲ. ಹೇಗೆ ಕಾಣುತ್ತದೋ, ಅದೂ ಗೊತ್ತಿಲ್ಲ. ಕಾಗದದ ಮೇಲೆ ನೇರ ಬರೆದು ಇಟ್ಟಿದ್ದೇನೆ. ಅಪ್ಪ ಅದರೆದುರು ಎರಡೂ ಕೈಯಲ್ಲಿ ಕನ್ನಡಿ ಹಿಡಿದು ನಿಂತಿದ್ದಾನೆ. ಕನ್ನಡಿ ನಡುಗುತ್ತಿದೆ, ಅದರೊಳಗೆ ನನ್ನ ಹೆಸರು ಕುಣಿಯುತ್ತಿದೆ.

"ಆ ದಿನಚರಿ ಮುಚ್ಚೇ, ಕೈ ಸೋಲ್ತಿದೆ" ಅನ್ನುತ್ತಿದ್ದಾನೆ.

ಸಾಕು. ಸೂಜಿ ಎತ್ತಿಕೊಂಡೆ. ಮೊದಲನೇ ಅಕ್ಷರ—