ಕೆಂಪಾಗದ ಮೆಣಸಿನಕಾಯಿ

ನ್ಸುಕ್ಕಾ
೧೪ ಆಗಸ್ಟ್ ೧೯೯೪

ಮಗಳೇ ಎಜಿನ್ನೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತೆಂದು ಬೈಯಬೇಡ. ಮಳೆ, ಮೊಣಕಾಲು ನೋವು ಅಂತೆಲ್ಲ ನೆಪ ಹೇಳಬಹುದು. ನಿಜವಾಗಿ ಏನು ಬರೆಯಬೇಕೆಂದೇ ತೋಚಲಿಲ್ಲ. ಎರಡನೆಯ ಬಾಣಂತನಕ್ಕೂ ಕರೆದಿದ್ದೀಯ. ಮೊದಲನೆಯದಕ್ಕೆ ಬಂದು ಎಂಟನೇ ದಿನಕ್ಕೇ ಗಂಟು ಕಟ್ಟಿದವಳು ನಾನು.

ಹೆಂಗಸರ ಸಂಘದ ಸಭೆ ಇದೆ ಎಂದಿದ್ದೆನಲ್ಲ, ಯಾವ ಸಭೆಯೂ ಇರಲಿಲ್ಲ. ಹಿತ್ತಲ ಹಳದಿ ಮೆಣಸಿನಕಾಯಿ ಕೊಯ್ದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಇಬಾದಾನಿಗೆ ತಂದಿದ್ದೆ, ನಿನ್ನ ಬಾಣಂತಿ ಸಾರಿಗೆಂದು. ನಾನು ಮಗುವಿಗೆ ನೀರು ಹಾಕುತ್ತಿದ್ದಾಗ ಬೀಗಿತ್ತಿ ಅದನ್ನೆಲ್ಲ ತಗಡಿನ ಮೇಲೆ ಹರವಿಬಿಟ್ಟರು. ಅವರ ಕಡೆ ಗುಂಡಗಿನದು ರೊಡೊ, ದಪ್ಪದ್ದು ತತಾಶೆ, ಉದ್ದದ್ದು ಶೊಂಬೊ, ಹಣ್ಣಾದರೆ ಎಲ್ಲವೂ ಕೆಂಪೇ. ಉತ್ತರದ ಲಾರಿಯವರು ರೊಡೊಗೆ ಅತ್ತರುಗು ಎನ್ನುತ್ತಾರೆ. ಯಾರ ಹೆಸರಿನಲ್ಲೂ ನಮ್ಮ ಹಳದಿಗೆ ಜಾಗವಿಲ್ಲ. ನಮಗೆ ಅದು ನ್ಸುಕ್ಕಾ ಓಸೆ, ನಮ್ಮೂರ ಮೆಣಸಿನಕಾಯಿ. ಬೀಗಿತ್ತಿಗೆ ಹಣ್ಣಾಗದ ರೊಡೊ.

ನಾನು ನೋಡುವಷ್ಟರಲ್ಲಿ ಮೂರು ದಿನವಾಗಿ ಎಲ್ಲ ಮುರುಟಿಹೋಗಿತ್ತು.

"ಕಾಯಿ ತಂದಿದ್ರಿ, ಕೆಂಪಾಗ್ಲಿ ಅಂತ ಬಿಸಿಲಿಗಿಟ್ಟೆ," ಅಂದರು.

"ಅದು ಹಣ್ಣೇ. ನೂರು ವರ್ಷ ಇಟ್ರೂ ಕೆಂಪಾಗಲ್ಲ," ಅಂದೆ.

ನೀನು ನಕ್ಕೆ. "ರೊಡೊ ಹಾಕಿದ್ರೇನಮ್ಮಾ, ಖಾರ ಖಾರಾನೇ ಅಲ್ವಾ?"

ಬೀಗಿತ್ತಿಯ ಸಾರನ್ನು ನೀನು ಎರಡು ಬಟ್ಟಲು ಕುಡಿದೆ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಈಗ ನೀನು ಬರೆದಿದ್ದೀಯ: ಆ ಒಣಗಿದ್ದರ ಬೀಜ ಎಸೆಯದೆ ಬೀಗಿತ್ತಿ ಬಿತ್ತಿದ್ದಾರೆ, ಗಿಡ ತುಂಬಾ ಕಾಯಿ. ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಾರಂತೆ, ಹಳದಿಯಾಗಿಯೇ ಉದುರುತ್ತದಂತೆ. "ನಿಮ್ಮಮ್ಮ ಹೇಳಿದ್ದೇ ನಿಜ. ಬೈಯೋದಿದ್ರೆ ಬಂದು ಬೈಲಿ, ಆದ್ರೆ ಬರ್ಲಿ," ಅಂದರಂತೆ. ಅಕ್ಕಪಕ್ಕದವರಿಗೆ ಅದನ್ನು 'ಬೀಗಿತ್ತಿ ರೊಡೊ' ಎಂದು ತೋರಿಸುತ್ತಾರಂತೆ, ಅವರಿಗೆ ಬೀಗಿತ್ತಿ ನಾನೇ ತಾನೆ. ಕೋಪ ಬರಬೇಕಿತ್ತು, ನಗು ಬಂತು.

ಬರುತ್ತೇನೆ. ಸೆಪ್ಟೆಂಬರ್ ಮೊದಲ ವಾರಕ್ಕೇ ಬರುತ್ತೇನೆ, ತಿಂಗಳು ತುಂಬುವವರೆಗೆ ಇರುತ್ತೇನೆ. ಆ ಗಿಡದ್ದನ್ನು ಕೀಳಬೇಡಿ ಅಂತ ಹೇಳು. ಪುಟ್ಟ ಮೊರೆನಿಕೆಗೆ ಮುತ್ತು, ಅಳಿಯಂದಿರಿಗೆ ಆಶೀರ್ವಾದ. ನಿನ್ನ ಹೊಟ್ಟೆ ತಣ್ಣಗಿರಲಿ, ಹೆರಿಗೆ ಹಗುರವಾಗಲಿ.

ನಿನ್ನಮ್ಮ,
ಓಬಿಯಾಗೇಲಿ

ಮರೆತು ಬಿಟ್ಟದ್ದಲ್ಲ, ಹೇಳಲಾಗದೆ ಕೊನೆಗೆ ಉಳಿದದ್ದು: ನೀನು ಹುಟ್ಟಿದ್ದು ಯುದ್ಧದ ನಡುವೆ, ನಿರಾಶ್ರಿತರು ತುಂಬಿದ್ದ ಒಂದು ಶಾಲೆಯಲ್ಲಿ. ನನ್ನಮ್ಮ ಬಾಣಂತನಕ್ಕೆಂದು ನಡೆದೇ ಹೊರಟಿದ್ದಳು. ನೀನು ಹುಟ್ಟಿದ ಹನ್ನೊಂದನೇ ದಿನ ಗುರುತಿಲ್ಲದ ಹೆಂಗಸೊಬ್ಬಳು ಅವಳ ಮೆಣಸಿನಕಾಯಿ ಗಂಟನ್ನು ತಂದು ನನ್ನ ಕೈಗಿಟ್ಟಳು. ಅಮ್ಮ ಬರಲೇ ಇಲ್ಲ. ಆ ಸಾರನ್ನು ನಾನೇ ಕುದಿಸಿಕೊಂಡು ಕುಡಿದೆ. ನಮ್ಮ ಹಿತ್ತಲ ಗಿಡಗಳೆಲ್ಲ ಆ ಗಂಟಿನ ಬೀಜದವು.