ಮೊದಲು ಕಾಪಿ, ಆಮೇಲೆ ಸ್ಕ್ರೂ

ಜನವರಿ 13, ಭಾನುವಾರ

ಇವತ್ತು ಊರ ಭವನಕ್ಕೆ ಐದು ಹಳೇ ವಿಡಿಯೋ ಗೇಮ್ ಕ್ಯಾಸೆಟ್ ಬಂದವು, ಆಟವನ್ನು ನಾವೇ ಮಾಡಿ ಉಳಿಸಿಡುವಂಥವು. ಎರಡರಲ್ಲಿ ಮಾತ್ರ ಮಕ್ಕಳು ಮಾಡಿದ ಆಟ ಸಿಕ್ಕಿತು. ಒಂದರಲ್ಲಿ ಹೀರೋ ಮೊದಲ ಊರು ದಾಟುವುದೇ ಇಲ್ಲ — ಮಾಡಿದವನಿಗೆ ಶಾಲೆ ಶುರುವಾಗಿರಬೇಕು. ಎರಡನ್ನೂ ಕಂಪ್ಯೂಟರಿಗೆ ಇಳಿಸಿದೆ. ಹಳೇ ಆಟ ಉಳಿಸುವ ನಮ್ಮ ಗುಂಪಿನ ಹಿರಿಯರಾದ ಮಿಜೊಗುಚಿ ಅವರದು ಅದೇ ಮಂತ್ರ: "ಮೊದಲು ಕಾಪಿ, ಆಮೇಲೆ ಸ್ಕ್ರೂ." ಒಳಗಿನ ಬ್ಯಾಟರಿ ತೆಗೆದರೆ ಉಳಿಸಿಟ್ಟ ಆಟ ಹೋದ ಹಾಗೇ.

ಮೂರು ಗಂಟೆಗೆ ಉಸುಯ್ ಬಂದ. ಆರನೇ ಕ್ಲಾಸಿನಲ್ಲಿ ನನ್ನ ಜೊತೆಗಿದ್ದ ಉಸುಯ್!

"ಲೋ ತೊಕುರಾ, ಕೂದಲು ಹೋಗಿ ಹೊಟ್ಟೆ ಬಂದಿದ್ಯಲ್ಲೋ. ಲೆಕ್ಕ ಸರಿಹೋಯ್ತು ಬಿಡು."

ಕ್ಯಾಸೆಟ್ ಮೇಜಿನ ಮೇಲಿಟ್ಟ. ಹಿಂದೆ ಮಾರ್ಕರಿನಲ್ಲಿ '6-2 ಉಸುಯ್'.

"ನೆನಪಿದೆಯಾ? ಮುಂದಿನ ಭಾನುವಾರ ಮಗಳನ್ನ ಕರ್ಕೊಂಡು ಬರ್ತೀನಿ. ಎಲ್ರೂ ಸೇರಿ ನೋಡೋಣ, ಅಲ್ಲೀವರೆಗೆ ಇದು ಇಲ್ಲೇ ಇರಲಿ."

ನಕ್ಕ. ನನಗೆ ನಗು ಬರಲಿಲ್ಲ.

ಜನವರಿ 14

ಬರೆದೇ ಬಿಡುತ್ತೇನೆ. ಇಪ್ಪತ್ಮೂರು ವರ್ಷವಾಯಿತು. ಮೂರು ದಿನಕ್ಕೆ ಅಂತ ಆ ಕ್ಯಾಸೆಟ್ಟನ್ನು ಕಡ ತಂದಿದ್ದೆ. ಉಸುಯ್ ಬೇಸಿಗೆ ರಜೆ ಪೂರ್ತಿ ಕೂತು ಮೀನು ಮಾರ್ಕೆಟ್ಟಿನ ಆಟ ಮಾಡಿದ್ದ. ಆಟದೊಳಗಿನ ಅಂಗಡಿಯಲ್ಲಿ ಮೀನು ಮಾರುತ್ತಿದ್ದವಳು ಅವನ ಅಜ್ಜಿಯೇ. ಚೆನ್ನಾಗಿತ್ತು. ಹೊಟ್ಟೆ ಉರಿಯಿತು.

ಕ್ಯಾಸೆಟ್ಟಿನಲ್ಲಿ ಒಂದೇ ಆಟಕ್ಕೆ ಜಾಗ. 'ಹೊಸದು ಶುರುಮಾಡಿದರೆ ಹಳೆಯದು ಅಳಿಯುತ್ತದೆ. ಸರಿಯೇ?' ಅಂತ ಟಿವಿ ಪರದೆ ಕೇಳಿತು. ಹೌದು ಒತ್ತಿದೆ. ಗೊತ್ತಿದ್ದೇ ಒತ್ತಿದೆ. ಅರ್ಧ ಊರು ಕಟ್ಟಿ ಬೇಜಾರಾಗಿ ಅದನ್ನೂ ಅಳಿಸಿದೆ.

"ಬ್ಯಾಟರಿ ಸತ್ತುಹೋಯ್ತು ಕಣೋ" ಅಂದೆ, ವಾಪಸ್ ಕೊಡುವಾಗ. ಶಾಲೆಯ ಚಪ್ಪಲಿ ಕಪಾಟಿನ ಹತ್ತಿರ ಎಲ್ಲರೆದುರು ಅತ್ತ. ಬೆನ್ನು ತಟ್ಟಿ ಸಮಾಧಾನ ಮಾಡಿದವನು ನಾನೇ. ಥೂ.

ಭಾನುವಾರ ಬ್ಯಾಟರಿ ಅಳೆಯುತ್ತಾರೆ. ಇನ್ನೂ ಜೀವಂತ ಇದ್ದರೆ ನನ್ನ ಸುಳ್ಳು ಬಯಲು... ಅವನ ಮಗಳ ಎದುರು.

ಜನವರಿ 17, ಮಧ್ಯಾಹ್ನ 12:40

ಊಟದ ಬಿಡುವಿನಲ್ಲಿ ಭವನಕ್ಕೆ ಹೋದೆ. ಯಾರೂ ಇರಲಿಲ್ಲ. ಅಳೆದೆ — ಮೂರು ವೋಲ್ಟ್. ಬ್ಯಾಟರಿ ಮುದುಕ ಇನ್ನೂ ಗುಂಡುಕಲ್ಲಿನ ಹಾಗಿದ್ದಾನೆ!

ತೆಗೆದೆ. ರದ್ದಿ ಡಬ್ಬಿಯಿಂದ ಸತ್ತ ಬ್ಯಾಟರಿ ಒಂದನ್ನು ಹುಡುಕಿ ಬೆಸೆದೆ. ಟಿವಿಗೆ ಹಾಕಿ ನೋಡಲಿಲ್ಲ. ನಾನೇ ಖಾಲಿ ಮಾಡಿದ್ದರಲ್ಲಿ ನೋಡುವುದೇನಿದೆ? ಮಾಡಿದ ತಪ್ಪಿನ ಮುಖ ನೋಡಲೂ ಧೈರ್ಯ ಬೇಕು.

ಜನವರಿ 20, ಭಾನುವಾರ

ಉಸುಯ್ ಬಂದ. ಮಗಳು ಚಿನಾಮಿ, ಎಂಟು ವರ್ಷ, ಮುಂದಿನ ಕುರ್ಚಿಯಲ್ಲಿ ಕೂತಳು. ಮಿಜೊಗುಚಿ ಅವರು ಕ್ಯಾಸೆಟ್ ಹಾಕಿದರು. ಏನೂ ಇಲ್ಲ. ಅಳೆದರು. ಸತ್ತಿದೆ.

"ಅದು ಹೇಗೆ ಸಾಧ್ಯ? ಹೊಸ ವರ್ಷದ ದಿನ ಆಡಿದ್ವಲ್ಲ!" ಅಂದ ಉಸುಯ್.

"ಅಪ್ಪಾ, ಮೀನಜ್ಜಿ ಎಲ್ಲಿ?"

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ, ಪಾಪ, ಮೆಲ್ಲಗೆ.

"ಬ್ಯಾಟರಿ ಸತ್ತಿಲ್ಲ ಅಂತ ಆವತ್ತು ಸಂಜೆನೇ ಗೊತ್ತಾಯ್ತು ಕಣೋ. ಮೊದಲಿಂದ ಇನ್ನೊಂದು ಸಲ ಮಾಡಿದೆ. ಆರನೇ ಕ್ಲಾಸು ಮುಗಿಯೋವರೆಗೂ. ನಿನಗೆ ತೋರಿಸಿದ್ರೆ ನಿನ್ನ ಎದೆ ಹಗುರ ಆಗುತ್ತೆ ಅಂತ ತಂದೆ."

ಮಿಜೊಗುಚಿ ಅವರು ಭೂತಗನ್ನಡಿ ಹಿಡಿದು ಬೆಸುಗೆ ನೋಡಿದರು. ಹೊಸ ಬೆಸುಗೆ ಮಿಂಚುತ್ತದೆ. ಆಮೇಲೆ ನನ್ನನ್ನು ನೋಡಿದರು.

ಎದ್ದು ಹೊರಗೆ ಹೋದೆ. ಅಪ್ಪ ಮಗಳ ಕಾರು ಹೊರಡುವವರೆಗೆ ಹಿಮ ಗೋರುತ್ತಾ ನಿಂತಿದ್ದೆ.

ಈಗ ಫೋನ್ ಮಾಡಬೇಕು. ಬಾಯಿ ತೊದಲುತ್ತದೆ, ಹೇಳುವುದನ್ನು ಇಲ್ಲೇ ಬರೆದುಕೊಳ್ಳುತ್ತೇನೆ.

ಉಸುಯ್, ಎರಡು ಸಲವೂ ಅಳಿಸಿದ್ದು ನಾನೇ.